ಚುಕ್ಕಿಯಿಂದ ಅಕ್ಷರ, ಅಕ್ಷರದಿಂದ ಅಲಂಕಾರ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)





ಶಿಕ್ಷಣದ ಬಗ್ಗೆ ನಾಲ್ಕು ಮಾತನಾಡಬೇಕೆಂದು ಸಂಘದವರು ನನ್ನನ್ನು ಕೇಳಿಕೊಂಡಾಗ ದೊಡ್ಡ ವಿಷಯವೊಂದನ್ನು ಆರಿಸಿಕೊಳ್ಳಬಹುದಿತ್ತು. ಆದರೆ ನಾನು ಬಹಳ ಸಣ್ಣ ವಿಷಯವೊಂದನ್ನು ತಂದಿದ್ದೇನೆ. ಕಂಪ್ಯೂಟರಿನ ಕೀಲಿಮಣೆಯ ಮೇಲಿರುವ ಸಾದಾ ಚಿಹ್ನೆಗಳಿಂದ, ಅಂದರೆ ಚುಕ್ಕಿ, ನಕ್ಷತ್ರ, ಅಡ್ಡಗೆರೆ ಇವುಗಳಿಂದ, ದೊಡ್ಡ ಅಲಂಕಾರಿಕ ಅಕ್ಷರಗಳನ್ನು ಕಟ್ಟುವ ಕೆಲಸವೇ ಆ ವಿಷಯ. ಇದು ಮಕ್ಕಳಾಟವಲ್ಲವೇ ಎಂದು ತಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆ ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಎಂಟನೆಯ ತರಗತಿಗೆ ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುತ್ತಿದ್ದೆ. ಆ ತರಗತಿಯಲ್ಲಿ ಕಂಪ್ಲಿಯ ಕಡೆಯ ಒಬ್ಬ ಹುಡುಗನಿದ್ದ. ಹೊಸಪೇಟೆಯಲ್ಲಿ ಮಾಮುವಿನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಮಾತಿನಲ್ಲಿ ಚುರುಕು, ಓದಿನಲ್ಲಿ ಹಿಂದೆ. ಕನ್ನಡದಲ್ಲಿ ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಿದ್ದ. ಉರ್ದುವಿನಲ್ಲಿ ಅಕ್ಷರಗಳು ಕೂಡಿಕೊಂಡ ಕೂಡಲೇ ಅವನಿಗೆ ದಾರಿ ತಪ್ಪುತ್ತಿತ್ತು. "ಎರಡೂ ಬರಲ್ಲ ಅಂದಮೇಲೆ ಪರೀಕ್ಷೆ ಮುಗಿದ ತಕ್ಷಣ ಗ್ಯಾರೇಜಿಗೆ ಸೇರಿಸ್ತೀನಿ ಟೀಚರ್" ಎಂದು ಅವನ ಮಾಮು ನನಗೆ ಹೇಳಿಯೂ ಇದ್ದರು.

ಒಂದು ದಿನ ಕಂಪ್ಯೂಟರ್ ಅವಧಿಯಲ್ಲಿ ಎಲ್ಲರೂ ಒಂದು ಪತ್ರ ಟೈಪು ಮಾಡುತ್ತಿದ್ದರೆ ಇವನು ಪರದೆಯ ತುಂಬ ನಕ್ಷತ್ರ ಚಿಹ್ನೆ ತುಂಬಿಕೊಂಡು ಕುಳಿತಿದ್ದ. ನನಗೆ ಸಿಟ್ಟು ಬಂತು. ಎರಡು ಮಾತು ಗದರಿದೆ, ಕಡತವನ್ನು ಉಳಿಸದೆ ಮುಚ್ಚಿಬಿಟ್ಟೆ. ಅವನು ಅಳಲಿಲ್ಲ. ಅವಧಿ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಟೀಚರ್, ಅದರಲ್ಲಿ ಅಮ್ಮಿ ಅಂತ ಬರೆದಿದ್ದೆ. ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು. ಮೂರು ವಾರದಿಂದ ಮಾಡ್ತಿದ್ದೆ."

ಮಾನ್ಯರೇ, ಮೂರು ವಾರದಿಂದ ಅಕ್ಷರಗಳ ಹತ್ತಿರ ಕುಳಿತಿದ್ದ ಹುಡುಗನನ್ನು ನಾನು ಅಕ್ಷರ ಕಲಿಯುವುದಿಲ್ಲವೆಂದು ಗದರಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ವಿದ್ಯೆ ಎಂಥದು, ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಲು ಆಗ ಹೊರಟೆ. ತಿಳಿದದ್ದನ್ನು ತಮ್ಮ ಮುಂದಿಡುತ್ತೇನೆ.

ಕಂಪ್ಯೂಟರು ಅಕ್ಷರವನ್ನು ಅಕ್ಷರವಾಗಿ ಅರಿಯದು, ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದಕ್ಕೆ ಅಮೆರಿಕದಲ್ಲಿ 1963ರಲ್ಲಿ ಒಂದು ಪಟ್ಟಿ ಪ್ರಕಟವಾಯಿತು. ಅದಕ್ಕೆ ಆಸ್ಕಿ ಎಂದು ಹೆಸರು. 1967ರಲ್ಲಿ ಪರಿಷ್ಕಾರವಾದಾಗ ಅದಕ್ಕೆ ಸಣ್ಣ ಇಂಗ್ಲಿಷ್ ಅಕ್ಷರಗಳೂ ಸೇರಿದವು. ಅದರಲ್ಲಿ ಒಟ್ಟು 128 ಸ್ಥಾನಗಳು. ಖಾಲಿ ಜಾಗವೂ ಸೇರಿ ಅಚ್ಚಿಗೆ ಬರುವ ಚಿಹ್ನೆಗಳು 95. ಅಂದಿನ ಅನೇಕ ಮುದ್ರಣ ಯಂತ್ರಗಳಿಗೆ ಚಿತ್ರ ಬರೆಯುವ ಶಕ್ತಿ ಇರಲಿಲ್ಲ. ಇಂಥ ಸಾದಾ ಚಿಹ್ನೆಗಳನ್ನು ಸಾಲಾಗಿ ಒತ್ತುವುದಷ್ಟೇ ಅವುಗಳಿಗೆ ಬರುತ್ತಿತ್ತು. ದೊಡ್ಡ ಶೀರ್ಷಿಕೆ ಬೇಕಾದವರು ಸಣ್ಣ ಚಿಹ್ನೆಗಳನ್ನೇ ಇಟ್ಟಿಗೆಯಂತೆ ಜೋಡಿಸಿ ದೊಡ್ಡ ಅಕ್ಷರ ಕಟ್ಟಿದರು. 1991ರಲ್ಲಿ ಗ್ಲೆನ್ ಚಾಪೆಲ್ ಮತ್ತು ಇಯಾನ್ ಚಾಯ್ ಎಂಬುವರು ಇದೇ ಕೆಲಸ ಮಾಡುವ ಫಿಗ್‌ಲೆಟ್ ಎಂಬ ತಂತ್ರಾಂಶ ರೂಪಿಸಿದರು. ಒಂದು ಪದ ಕೊಟ್ಟರೆ ಅದು ಹಲವು ಸಾಲುಗಳ ಎತ್ತರದ ಅಕ್ಷರಗಳಾಗಿ ಬರೆದುಕೊಡುತ್ತದೆ.

ಇದಕ್ಕೂ ಮೊದಲು ಬೆರಳಚ್ಚು ಯಂತ್ರವಿತ್ತು. 1898ರಲ್ಲಿ ಇಂಗ್ಲೆಂಡಿನ ಫ್ಲೋರಾ ಸ್ಟೇಸಿ ಎಂಬಾಕೆ ಬೆರಳಚ್ಚು ಯಂತ್ರದಿಂದಲೇ ಒಂದು ಚಿಟ್ಟೆಯ ಚಿತ್ರ ಮಾಡಿದ್ದರು. ನಮ್ಮ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಕಲಿತ ಹಿರಿಯರು ಈ ಸಭೆಯಲ್ಲಿ ಇರಬಹುದು. ಹಾಳೆಯ ನಾಲ್ಕು ಅಂಚಿಗೆ ನಕ್ಷತ್ರ, ಸೊನ್ನೆಗಳಿಂದ ಬಳ್ಳಿ ಬಿಡಿಸಿದ ನೆನಪು ಅವರಿಗೆ ಇದ್ದೀತು. ಬೆರಳಚ್ಚು ಯಂತ್ರದ ಗುಟ್ಟೆಂದರೆ, ಅದರಲ್ಲಿ ತೆಳುವಾದ 'ಐ' ಅಕ್ಷರಕ್ಕೂ ಅಗಲವಾದ 'ಡಬ್ಲ್ಯೂ' ಅಕ್ಷರಕ್ಕೂ ಒಂದೇ ಅಳತೆಯ ಜಾಗ. ಎಲ್ಲ ಮನೆಗಳೂ ಸಮಾನವಾಗಿದ್ದರೆ ಮಾತ್ರ ಮೇಲಿನ ಸಾಲಿನ ಚಿಹ್ನೆ ಕೆಳಗಿನ ಸಾಲಿನ ಚಿಹ್ನೆಯ ನೆತ್ತಿಗೆ ನೇರವಾಗಿ ನಿಲ್ಲುತ್ತದೆ.

ಈಗ ತಾಯಂದಿರನ್ನು ಕೇಳುತ್ತೇನೆ. ಇದು ನಿಮಗೆ ಹೊಸದೇ? ಮ್ಯಾಟಿ ಬಟ್ಟೆಯ ಮೇಲೆ ಎಳೆ ಎಣಿಸಿ ಕ್ರಾಸ್ ಸ್ಟಿಚ್ ಹಾಕಿ 'ಸುಸ್ವಾಗತ' ಎಂದು ಬರೆದು ಗಾಜಿನ ಚೌಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ನಮ್ಮವರ ಮನೆಗಳಲ್ಲಿ ಅದೇ ಹೊಲಿಗೆಯಲ್ಲಿ 'ಅಲ್ಲಾಹ್' ಎಂಬ ಹೆಸರು ಇರುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಸಂಡೂರಿನ ಲಂಬಾಣಿ ಕಸೂತಿಯಲ್ಲಿಯೂ ಸಣ್ಣ ಸಣ್ಣ ಹೊಲಿಗೆ ಸೇರಿಯೇ ದೊಡ್ಡ ವಿನ್ಯಾಸವಾಗುತ್ತದೆ. ನಾನು ಗದರಿದ ಹುಡುಗನ ತಾಯಿಯೂ ಮ್ಯಾಟಿ ಹೊಲಿಗೆ ಹಾಕುವವರು. ಅವರಿಗೆ ಓದು ಬರಹ ಅಷ್ಟಾಗಿ ತಿಳಿಯದು, ಆದರೆ ಮನೆ ಎಣಿಸುವುದು ಚೆನ್ನಾಗಿ ತಿಳಿದಿತ್ತು. ಹುಡುಗ ಕಂಪ್ಯೂಟರಿನಲ್ಲಿ ಮಾಡಿದ್ದು ತಾಯಿಯ ಕೈಯಿಂದ ಕಂಡ ವಿದ್ಯೆಯನ್ನೇ.

ನಮ್ಮ ಖುಷ್‌ನವೀಸಿ, ಅಂದರೆ ಸುಂದರ ಬರವಣಿಗೆಯ ಪರಂಪರೆಯಲ್ಲಿಯೂ ಇದೇ ಲೆಕ್ಕವಿದೆ. ಹತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಇಬ್ನ್ ಮುಖ್ಲಾ ಅಕ್ಷರಗಳಿಗೆ ಅಳತೆ ಗೊತ್ತುಮಾಡಿದ ಮಹನೀಯ. ಅವರ ಅಳತೆಗೋಲು ಒಂದು ನುಕ್ತಾ, ಅಂದರೆ ಬರುವಿನ ತುದಿಯನ್ನು ಒತ್ತಿದಾಗ ಮೂಡುವ ಒಂದು ಚುಕ್ಕಿ. ಅಲಿಫ್ ಎಷ್ಟು ಚುಕ್ಕಿ ಎತ್ತರ, ಬೇ ಎಷ್ಟು ಚುಕ್ಕಿ ಅಗಲ ಎಂದು ಎಣಿಸಿಯೇ ಇಂದಿಗೂ ಉಸ್ತಾದರು ಕಲಿಸುತ್ತಾರೆ. ಮುಂದೆ ಇರಾನ್ ಮತ್ತು ಮಧ್ಯ ಏಷ್ಯಾದ ಕಟ್ಟಡಗಳಲ್ಲಿ ಇಟ್ಟಿಗೆ ಮತ್ತು ಹೆಂಚಿನ ಬಿಲ್ಲೆಗಳನ್ನೇ ಜೋಡಿಸಿ ಪವಿತ್ರ ನಾಮಗಳನ್ನು ಬರೆಯುವ ಚೌಕ ಕೂಫಿ ಶೈಲಿ ಬೆಳೆಯಿತು. ಅಲ್ಲಿ ಬಾಗಿದ ಗೆರೆ ಇಲ್ಲವೇ ಇಲ್ಲ, ಎಲ್ಲವೂ ಚೌಕ. ಇಂದಿನ ಮಕ್ಕಳು ಪರದೆಯ ಮೇಲೆ ಮಾಡುವುದನ್ನು ಅಂದಿನ ಗಾರೆಯವರು ಗೋಡೆಯ ಮೇಲೆ ಮಾಡಿದ್ದರು.

ನಮ್ಮ ನಾಡಿನಲ್ಲಿಯೂ ಅಕ್ಷರವೇ ಅಲಂಕಾರವಾದ ಕಟ್ಟಡಗಳಿವೆ. 1472ರ ಬೀದರಿನ ಮಹಮೂದ್ ಗವಾನರ ಮದರಸಾದ ಮೇಲೆ ಬಣ್ಣದ ಹೆಂಚಿನ ಬರವಣಿಗೆಯ ಅವಶೇಷ ಇನ್ನೂ ಉಳಿದಿದೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲಿನ ಜಾಲಂದ್ರವೇ ಅಕ್ಷರ. ಅಕ್ಷರಗಳ ನಡುವಿನ ಖಾಲಿ ಜಾಗದಿಂದ ಬೆಳಕು ಒಳಗೆ ಬರುತ್ತದೆ. ಖಾಲಿ ಜಾಗಕ್ಕೂ ತುಂಬಿದ ಜಾಗದಷ್ಟೇ ಬೆಲೆ ಎಂಬ ಪಾಠ ಅಲ್ಲಿದೆ.

ವಿದ್ಯಾರ್ಥಿಗಳೇ, ಇದನ್ನು ನೀವೂ ಮಾಡಿ ನೋಡಬಹುದು. ಖರ್ಚಿಲ್ಲ. ಚೌಕಳಿ ಗೆರೆಯ ಲೆಕ್ಕದ ಪುಸ್ತಕ ಸಾಕು. ಏಳು ಮನೆ ಅಗಲ, ಏಳು ಮನೆ ಎತ್ತರ ಗುರುತು ಮಾಡಿಕೊಳ್ಳಿ. ಗೆರೆ ಹೋಗುವ ಮನೆಗೆ ನಕ್ಷತ್ರ, ಉಳಿದದ್ದಕ್ಕೆ ಚುಕ್ಕಿ ಹಾಕಿ. ಕನ್ನಡದ 'ಗ' ಅಕ್ಷರ ಹೀಗೆ ಬರುತ್ತದೆ:

. . . . * * .
. . . * . . .
. * * * * * .
* . . . . . *
* . . . . . *
* . . . . . *
* * . . . * *

ಒಟ್ಟು 49 ಮನೆಗಳಲ್ಲಿ 18ಕ್ಕೆ ಮಾತ್ರ ನಕ್ಷತ್ರ. ಮೇಲಿನ ಎರಡು ಸಾಲು ತಲೆಕಟ್ಟು, ಕೆಳಗಿನದು ಕಮಾನು, ಕೊನೆಯ ಸಾಲಿನಲ್ಲಿ ಒಳಕ್ಕೆ ತಿರುಗಿದ ಎರಡು ಪಾದ. ತಲೆಕಟ್ಟಿನ ಮೂರು ನಕ್ಷತ್ರ ತೆಗೆದರೆ ಅದು 'ಗ' ಆಗಿ ಉಳಿಯುವುದಿಲ್ಲ. ಯಾವ ಗೆರೆ ಅಕ್ಷರದ ಜೀವ, ಯಾವ ಗೆರೆ ಬರಿಯ ಒಡವೆ ಎಂದು ಇಲ್ಲಿ ತಾನಾಗಿಯೇ ತಿಳಿಯುತ್ತದೆ. ಕೈಬರಹದಲ್ಲಿ ಓಡಿಹೋಗುವ ಕೈ ಇಲ್ಲಿ ಮನೆ ಮನೆಗೂ ನಿಂತು ಯೋಚಿಸಬೇಕಾಗುತ್ತದೆ. ಇದನ್ನೇ ಕಂಪ್ಯೂಟರಿನಲ್ಲಿ ಮಾಡುವುದಾದರೆ ಎಲ್ಲ ಚಿಹ್ನೆಗೂ ಸಮಾನ ಜಾಗ ಕೊಡುವ ಕೊರಿಯರ್‌ನಂಥ ಅಕ್ಷರಶೈಲಿಯನ್ನು ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಸಾಲುಗಳು ಜರುಗಿ ಅಕ್ಷರ ಸೊಟ್ಟಗಾಗುತ್ತದೆ.

ಇಂಗ್ಲಿಷಿಗೆ ಈ ಕೆಲಸ ಸುಲಭ. ಅದರ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ನಮ್ಮ ಎರಡು ಲಿಪಿಗಳು ಹಾಗಲ್ಲ. ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಉರ್ದು ಬಲದಿಂದ ಎಡಕ್ಕೆ ನಡೆಯುತ್ತದೆ, ಅಕ್ಷರಗಳು ಕೈ ಹಿಡಿದು ಕೂಡುತ್ತವೆ, ನಸ್ತಾಲೀಖ್ ಶೈಲಿಯಲ್ಲಂತೂ ಪದವೇ ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಬರುತ್ತದೆ. ಈ ಕಾರಣದಿಂದಲೇ ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಕೈಬರಹವನ್ನೇ ನಂಬಿದ್ದವು. 1927ರಲ್ಲಿ ಆರಂಭವಾದ ಚೆನ್ನೈನ 'ದಿ ಮುಸಲ್ಮಾನ್' ಉರ್ದು ದೈನಿಕ ಕಂಪ್ಯೂಟರು ಬಂದ ಮೇಲೂ ಕೈಬರಹದಲ್ಲಿಯೇ ಹೊರಬರುತ್ತಿತ್ತು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲರ ಬರವಣಿಗೆಯಿಂದ ನೂರಿ ನಸ್ತಾಲೀಖ್ ಸಿದ್ಧವಾದಾಗ ಅದಕ್ಕಾಗಿ ಸುಮಾರು 20,000 ಕೂಡಕ್ಷರ ರೂಪಗಳು ಬೇಕಾದವು. 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂದ ಮೇಲೆ ಸಣ್ಣ ಊರಿನ ಮುದ್ರಣಾಲಯದವರಿಗೂ ಅದು ಕೈಗೆಟುಕಿತು.

ಈಗ ಆ ಹುಡುಗನ 'ಅಮ್ಮಿ' ಪದಕ್ಕೆ ಬರೋಣ. ಮರುದಿನ ಅವನನ್ನು ಕರೆದು ತಪ್ಪಾಯಿತೆಂದು ಹೇಳಿ, ಒಂದು ಚೌಕಳಿ ಪುಸ್ತಕ ಕೊಟ್ಟು ಮತ್ತೆ ಬರೆಯಲು ಹೇಳಿದೆ. ಕನ್ನಡದ 'ಮ್ಮಿ' ಬರೆಯುವಾಗ ಅವನಿಗೆ ಜಾಗ ಸಾಲದಾಯಿತು. ಎರಡನೆಯ ಮಕಾರ ಎಲ್ಲಿ ಹೋಗಬೇಕು ಎಂದು ಕೇಳಿದ. ಕೆಳಗೆ ನಾಲ್ಕು ಸಾಲು ಬಿಟ್ಟುಕೋ ಎಂದೆ. ಆ ನಾಲ್ಕು ಸಾಲಿನಲ್ಲಿ ಒತ್ತು ಕೂರಿಸಿದ. ಉರ್ದುವಿನಲ್ಲಿ ಅದೇ ಪದಕ್ಕೆ ಅಲಿಫ್, ಮೀಮ್, ಯೇ ಹಾಕಿದ. ಎರಡನೆಯ ಮೀಮ್ ಎಲ್ಲಿ ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತು ನೋಡಿದ. ಮೀಮ್‌ನ ನೆತ್ತಿಯ ಮೇಲೆ ಎರಡು ಸಾಲು ಖಾಲಿ ಇದ್ದವು. ಅಲ್ಲಿ ಸಣ್ಣ ಹಲ್ಲಿನಂಥ ತಶ್ದೀದ್ ಹಾಕಿ, "ಟೀಚರ್, ಕನ್ನಡದಲ್ಲಿ ಕೆಳಗೆ ಕೂತಿರೋದು ಉರ್ದುವಿನಲ್ಲಿ ಮೇಲೆ ಕೂತಿದೆ, ಅಷ್ಟೇ ಅಲ್ವಾ?" ಎಂದ.

ಮಾನ್ಯರೇ, ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ಕರೆದೊಯ್ಯಬೇಕೆಂದು ಬಿ.ಎಡ್. ತರಗತಿಯಲ್ಲಿ ನಾನು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಅದರ ಅರ್ಥ ಆ ದಿನ ಆ ಹುಡುಗನಿಂದ ತಿಳಿಯಿತು. ದ್ವಿತ್ವ ಎಂಬುದು ಎರಡು ಭಾಷೆಗೂ ಒಂದೇ; ಒಂದು ಲಿಪಿ ಅದನ್ನು ಪಾದದಲ್ಲಿ ಇಡುತ್ತದೆ, ಇನ್ನೊಂದು ನೆತ್ತಿಯಲ್ಲಿ ಇಡುತ್ತದೆ. ಎರಡು ಲಿಪಿ ಕಲಿಯುವುದು ನಮ್ಮ ಮಕ್ಕಳಿಗೆ ಹೊರೆ ಎಂದು ನಾವೇ ಹೇಳುತ್ತೇವೆ. ಒಂದರ ಪಕ್ಕ ಒಂದನ್ನು ಇಟ್ಟು ತೋರಿಸಿದರೆ ಒಂದು ಲಿಪಿ ಇನ್ನೊಂದಕ್ಕೆ ದೀಪ ಹಿಡಿಯುತ್ತದೆ.

ಇಲ್ಲಿಯವರೆಗೆ ಅಲಂಕಾರದ ಗುಣ ಹೇಳಿದೆ. ಅದರಲ್ಲಿ ಒಂದು ಅಪಾಯವೂ ಇದೆ, ಅದನ್ನು ಹೇಳದೆ ಹೋದರೆ ಮಾತು ಅರ್ಧವಾಗುತ್ತದೆ.

ನಮ್ಮ ಹಿರಿಯ ಉಸ್ತಾದರೊಬ್ಬರು, ಈಗ ಮರ್ಹೂಮ್, ಉರ್ದು ಗಾದೆಗಳಿಗೆ ಸರಿಹೊಂದುವ ಕನ್ನಡ ಗಾದೆಗಳನ್ನು ಸೇರಿಸಿ ದೊಡ್ಡ ಪಟ್ಟಿ ಮಾಡಿದ್ದರು. ಅದನ್ನು ಟೈಪು ಮಾಡಿಸಿ ಸಿ.ಡಿ.ಯಲ್ಲಿ ಇಟ್ಟಿದ್ದರು, ಕೈಬರಹದ ಪ್ರತಿ ಉಳಿದಿರಲಿಲ್ಲ. ಅವರ ಇಂತಖಾಲಿನ ನಂತರ ಮನೆಯವರು ಆ ಸಿ.ಡಿ.ಯನ್ನು ನನಗೆ ಕೊಟ್ಟರು. ತೆರೆದರೆ ಕನ್ನಡದ ಒಂದು ಅಕ್ಷರವೂ ಇಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಚುಕ್ಕಿ, ಕೊಂಬು, ಅರ್ಥವಿಲ್ಲದ ಗುರುತು. ಉಸ್ತಾದರ ಜೀವಮಾನದ ಕೆಲಸ ಹೋಯಿತೆಂದೇ ಭಾವಿಸಿದೆವು.

ಕಾರಣ ಆಮೇಲೆ ತಿಳಿಯಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು, ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವು ಕನ್ನಡಿಗರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಕಾಲದ ಕಡತಗಳಲ್ಲಿ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಚಿಹ್ನೆಗಳ ಸಂಖ್ಯೆಗಳೇ. ಅವುಗಳ ಮೇಲೆ ಕನ್ನಡದ ಉಡುಪು ತೊಡಿಸುತ್ತಿದ್ದುದು ಫಾಂಟು. ಆ ಫಾಂಟು ಇಲ್ಲದ ಯಂತ್ರದಲ್ಲಿ ಉಡುಪು ಕಳಚಿಬೀಳುತ್ತಿತ್ತು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೂ ಅರಬ್ಬಿ–ಉರ್ದುವಿಗೂ 1991ರಲ್ಲಿಯೇ ಸ್ವಂತ ಸ್ಥಾನ ಸಿಕ್ಕಿತ್ತಾದರೂ ನಮ್ಮ ಟೈಪಿಂಗ್ ಅಂಗಡಿಗಳಿಗೆ ಅದು ಬರಲು ಬಹಳ ವರ್ಷ ಹಿಡಿಯಿತು. ಯೂನಿಕೋಡಿನಲ್ಲಿ 'ಅಮ್ಮಿ' ಎಂದು ಬರೆದರೆ ಒಳಗೆ ಐದು ಸಂಖ್ಯೆಗಳಿರುತ್ತವೆ: ಅ, ಮ, ಅರ್ಧಾಕ್ಷರ ಚಿಹ್ನೆ, ಮ, ಗುಡಿಸು. ಉರ್ದುವಿನಲ್ಲಿ ನಾಲ್ಕು: ಅಲಿಫ್, ಮೀಮ್, ತಶ್ದೀದ್, ಯೇ. ಉಡುಪು ಯಾವುದೇ ಇರಲಿ, ಒಳಗಿನ ಅಕ್ಷರ ಅಕ್ಷರವಾಗಿಯೇ ಇರುತ್ತದೆ.

ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶದಿಂದ ಉಸ್ತಾದರ ಪಟ್ಟಿ ನಮಗೆ ಮರಳಿ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಅನೇಕ ಕಡೆ ಒತ್ತಕ್ಷರ, ಅರ್ಕಾವತ್ತು ಸ್ಥಳ ತಪ್ಪಿದ್ದವು. ಹತ್ತನೆಯ ತರಗತಿಯ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಸಾಲು ಸಾಲಾಗಿ ತಿದ್ದಿದೆವು. ಆ ಮಕ್ಕಳಲ್ಲಿ ನಮ್ಮ ಕಂಪ್ಲಿಯ ಹುಡುಗನೂ ಇದ್ದ. ಜಾರಿಹೋದ ಒತ್ತನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಿದ್ದವನು ಅವನೇ.

ಈಗಿನ ಮಕ್ಕಳಿಗೆ ಇನ್ನೊಂದು ಮಾತು. ಮೊಬೈಲಿನಲ್ಲಿ ನಿಮ್ಮ ಹೆಸರನ್ನು ವಿಚಿತ್ರ ಬಳ್ಳಿ ಅಕ್ಷರ, ದಪ್ಪ ಅಕ್ಷರಗಳಲ್ಲಿ ಬರೆದುಕೊಳ್ಳುತ್ತೀರಿ. ಅವುಗಳಲ್ಲಿ ಬಹಳಷ್ಟು ಗಣಿತದ ಬಳಕೆಗೆಂದು ಯೂನಿಕೋಡಿನಲ್ಲಿ ಇಟ್ಟ ಬೇರೆ ಚಿಹ್ನೆಗಳು, ನಿಮ್ಮ ಹೆಸರಿನ ನಿಜವಾದ ಅಕ್ಷರಗಳಲ್ಲ. ಕಣ್ಣಿಗೆ ಹೆಸರಿನಂತೆ ಕಂಡರೂ ಹುಡುಕಿದಾಗ ಅನೇಕ ಕಡೆ ಸಿಗುವುದಿಲ್ಲ. ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಅವನ್ನು ಸರಿಯಾಗಿ ಓದಲಾರದು. ನಕ್ಷತ್ರಗಳಿಂದ ಕಟ್ಟಿದ ಅಕ್ಷರವೂ ಹಾಗೆಯೇ. ಆ ತಂತ್ರಾಂಶಕ್ಕೆ ಅದು ಬರಿಯ ನಕ್ಷತ್ರಗಳ ಸಾಲು. ಆದ್ದರಿಂದ ನಾನು ನಮ್ಮ ತರಗತಿಯಲ್ಲಿ ಒಂದು ನಿಯಮ ಮಾಡಿದ್ದೇನೆ. ಎಷ್ಟೇ ಚಂದದ ಅಲಂಕಾರ ಮಾಡಿ, ಅದರ ಕೆಳಗೆ ಅದೇ ಪದವನ್ನು ಒಂದು ಸಾಲು ಸಾದಾ ಅಕ್ಷರದಲ್ಲಿ ಬರೆಯಲೇಬೇಕು. ಶಾಲೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಅಲಂಕಾರ ಬೇಡವೇ ಬೇಡ.

ಇದನ್ನು ಹೇಳುವಾಗ ನನಗೆ ಹಂಪಿ ನೆನಪಾಗುತ್ತದೆ. ಶಾಲಾ ಪ್ರವಾಸದಲ್ಲಿ ಮಕ್ಕಳಿಗೆ ಕಲ್ಲಿನ ರಥ ತೋರಿಸುತ್ತೇವೆ, ಕಮಲ ಮಹಲ್ ತೋರಿಸುತ್ತೇವೆ. ಮುಸ್ಲಿಮರ ಬಡಾವಣೆಯಿದ್ದ ಜಾಗದಲ್ಲಿ ಅಹಮದ್ ಖಾನರ ಮಸೀದಿಯಿದೆ, ಪಕ್ಕದಲ್ಲಿ ಗುಮ್ಮಟದ ಗೋರಿಯಿದೆ. ಮಸೀದಿಗೆ ಕಮಾನಿಲ್ಲ, ಗುಮ್ಮಟವಿಲ್ಲ. ವಿಜಯನಗರದ ಮಂಟಪದಂತೆ ಕಲ್ಲುಕಂಬ, ಚಪ್ಪಟೆ ಮಾಳಿಗೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ತನ್ನ ದೊರೆಗೆ ಪುಣ್ಯವಾಗಲೆಂದು 1439ರಲ್ಲಿ ಕಟ್ಟಿಸಿದ್ದು. ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ, ಮತ್ತು ಆ ಶಾಸನ ಇರುವುದು ಕನ್ನಡದಲ್ಲಿ. ಸುಮಾರು ಆರು ನೂರು ವರ್ಷಗಳಾಗುತ್ತ ಬಂದರೂ ಅದನ್ನು ಓದಬಹುದು. ನಮ್ಮ ಉಸ್ತಾದರ ಸಿ.ಡಿ.ಯನ್ನು ಕೆಲವೇ ವರ್ಷಗಳಲ್ಲಿ ಓದಲಾಗಲಿಲ್ಲ. ಕಲ್ಲಿನ ಮೇಲೆ ಕೊರೆದವನು ಅಕ್ಷರವನ್ನು ಅಕ್ಷರವಾಗಿಯೇ ಕೊರೆದ. ನಾವು ಬೇರೊಂದಕ್ಕೆ ಅಕ್ಷರದ ಉಡುಪು ತೊಡಿಸಿದ್ದೆವು. ಕನ್ನಡ ನಮ್ಮದೇ ಎಂದು ಯಾರಾದರೂ ನಮ್ಮ ಮಕ್ಕಳನ್ನು ಕೇಳಿದರೆ ತೋರಿಸುವುದಕ್ಕೆ ಆ ಕಲ್ಲು ಹತ್ತಿರದಲ್ಲೇ ಇದೆ ಎಂಬುದನ್ನೂ ಇಲ್ಲಿ ಸ್ಮರಿಸಬಹುದು.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಮೂರು ವಿನಂತಿ. ಒಂದು, ಪ್ರತಿ ವರ್ಷದ ಪ್ರಬಂಧ, ಖಿರಾಅತ್ ಸ್ಪರ್ಧೆಗಳ ಜೊತೆಗೆ ಕನ್ನಡ–ಉರ್ದು ಚೌಕಳಿ ಅಕ್ಷರ ಸ್ಪರ್ಧೆಯನ್ನೂ ಇಡೋಣ. ಕಂಪ್ಯೂಟರ್ ಇಲ್ಲದ ಶಾಲೆಯ ಮಗುವೂ ಪುಸ್ತಕ, ಪೆನ್ಸಿಲಿನಿಂದ ಭಾಗವಹಿಸಬಹುದು. ಹೊಲಿಗೆ ಬಲ್ಲ ತಾಯಂದಿರೂ ಭಾಗವಹಿಸಬಹುದು. ಎರಡು, ಸಂಘದ ಬಳಿ ಹಳೆಯ ಫಾಂಟುಗಳಲ್ಲಿ, ಹಳೆಯ ಇನ್‌ಪೇಜ್ ಕಡತಗಳಲ್ಲಿ ಏನೇ ಇದ್ದರೂ ಅದನ್ನು ಯೂನಿಕೋಡಿಗೆ ತರುವ ಕೆಲಸವನ್ನು ರಜೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೇ ವಹಿಸೋಣ. ತಿದ್ದುವವರೇ ಚೆನ್ನಾಗಿ ಕಲಿಯುತ್ತಾರೆ. ಮೂರು, ಇದು ನನ್ನನ್ನೂ ಸೇರಿಸಿ ಶಿಕ್ಷಕರಿಗೆ: ಮಗು ಪುಸ್ತಕದ ಕೊನೆಯ ಪುಟದಲ್ಲಿ ಏನೋ ಗೀಚುತ್ತಿದ್ದರೆ, ಗದರುವ ಮೊದಲು ಒಮ್ಮೆ ಬಗ್ಗಿ ನೋಡೋಣ.

ಆ ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲೇನೂ ಬರಲಿಲ್ಲ. ಪಾಸಾದ, ಮುಂದೆ ಓದುತ್ತಿದ್ದಾನೆ. ಗ್ಯಾರೇಜಿನ ಮಾತನ್ನು ಅವನ ಮಾಮು ಮತ್ತೆ ಎತ್ತಲಿಲ್ಲ. ಚೌಕಳಿ ಪುಸ್ತಕದ ಆ ಹಾಳೆಯನ್ನು ನೋಡಿಕೊಂಡು ಅವನ ತಾಯಿ ಮ್ಯಾಟಿ ಬಟ್ಟೆಯ ಮೇಲೆ 'ಅಮ್ಮಿ' ಎಂದು ಎರಡು ಲಿಪಿಯಲ್ಲಿ ಹೊಲಿದಿದ್ದಾರೆ. ಮಗನಿಂದ ಕೇಳಿ ಎರಡನ್ನೂ ಬೆರಳಿಟ್ಟು ಓದುತ್ತಾರೆ.

ನಮ್ಮ ದೀನಿನ ಮೊದಲ ಆದೇಶವೇ ಓದು ಎಂಬುದು. ಅಲ್ಲಿಯೇ ಲೇಖನಿಯ ಪ್ರಸ್ತಾಪವೂ ಇದೆ. ಓದುವ ಕಣ್ಣನ್ನೂ ಬರೆಯುವ ಕೈಯನ್ನೂ ಅಲ್ಲಾಹನು ನಮ್ಮ ಎಲ್ಲ ಮಕ್ಕಳಿಗೂ ದಯಪಾಲಿಸಲಿ ಎಂದು ದುಆ ಮಾಡುತ್ತ ನನ್ನ ಮಾತು ಮುಗಿಸುತ್ತೇನೆ.